ಹಂಚು ಮಾಡಿದ್ದು, ಮಗ ಹುಟ್ಟಿದ್ದು

ಓದುಗರ ಪ್ರಶ್ನೆಗಳಿಗೆ ನಿವೃತ್ತ ಸಭಾಪಾಲಕರೊಬ್ಬರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಯೇಸುವಿನ ದೈವತ್ವದ ಬಗ್ಗೆಯೇ ಇದ್ದವು. ಬಿಷಪರು ಕೂಡಿದ್ದ ನಿಕೇಯ ಸಭೆಗೆ 2025ರಲ್ಲಿ 1700 ವರ್ಷ ತುಂಬಿತು. ಆ ವರ್ಷದ ನವೆಂಬರಿನಲ್ಲಿ ಪೋಪ್ 14ನೆಯ ಲಿಯೋ ಆ ಊರಿಗೇ ಹೋಗಿ ಪ್ರಾರ್ಥಿಸಿದರು. ಆಮೇಲೆ ಈ ಮಾತು ಮನೆಮನೆಗೂ ಬಂದಂತಿದೆ. ಆರು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಯೇಸು ಬರೀ ಒಬ್ಬ ಒಳ್ಳೆಯ ಬೋಧಕ, 325ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ನಿಕೇಯದಲ್ಲಿ ಸಭೆ ಕರೆದು, ಮತ ಹಾಕಿಸಿ, ಆತನನ್ನು ದೇವರನ್ನಾಗಿ ಮಾಡಿದ ಎಂದು ಅದರಲ್ಲಿತ್ತು. ನಾನು ಹುಟ್ಟಿನಿಂದ ಕ್ರೈಸ್ತ. ಆದರೂ ಹಾಸ್ಟೆಲಿನ ಗೆಳೆಯರಿಗೆ ಏನು ಹೇಳಬೇಕೋ ತಿಳಿಯಲಿಲ್ಲ.
— ಬಿ.ಎಸ್ಸಿ. ವಿದ್ಯಾರ್ಥಿ, ಹಾವೇರಿ

ತಮ್ಮಾ, ಸಭೆ ನಡೆದದ್ದು ನಿಜ. ಚಕ್ರವರ್ತಿ ಕರೆದದ್ದೂ ನಿಜ. ಆತ ದೇವರನ್ನು ತಯಾರಿಸಿದ ಎನ್ನುವುದು ಮಾತ್ರ ಸುಳ್ಳು, ಮತ್ತು ಅದು ಸುಳ್ಳೆಂದು ತಿಳಿಯಲು ನಿಕೇಯದ ಊರು ಬಿಟ್ಟು ದೂರ ಹೋಗಬೇಕಾಗಿಲ್ಲ.

ನಿಕೇಯ ಇದ್ದದ್ದು ಬಿಥೂನ್ಯ ಎಂಬ ರೋಮನ್ ಪ್ರಾಂತ್ಯದಲ್ಲಿ. ಇಂದಿನ ತುರ್ಕಿಯ ಇಜ್ನಿಕ್ ಪಟ್ಟಣ. ಸಭೆ ಸೇರುವುದಕ್ಕೆ ಇನ್ನೂರು ವರ್ಷಗಳಿಗೂ ಮೊದಲು, ಸುಮಾರು 112ರಲ್ಲಿ, ಆ ಪ್ರಾಂತ್ಯಕ್ಕೆ ಪ್ಲಿನಿ ಎಂಬವನು ಅಧಿಕಾರಿಯಾಗಿದ್ದ. ಲೆಕ್ಕಪತ್ರದಲ್ಲಿ ಬಲು ಶಿಸ್ತಿನ ಮನುಷ್ಯ. ನಿಕೇಯದ ರಂಗಮಂದಿರ ಮುಗಿಯುವ ಮೊದಲೇ ಕುಸಿಯುತ್ತಿದೆ, ಗೋಡೆ ಬಿರುಕು ಬಿಟ್ಟಿದೆ, ಒಂದು ಕೋಟಿ ನಾಣ್ಯಕ್ಕಿಂತ ಹೆಚ್ಚು ನುಂಗಿದೆ ಎಂದು ಚಕ್ರವರ್ತಿ ಟ್ರಾಜನನಿಗೆ ದೂರು ಬರೆದವನು. ಅದೇ ಪ್ಲಿನಿ ಇನ್ನೊಂದು ಕಾಗದದಲ್ಲಿ ಕ್ರೈಸ್ತರನ್ನು ಏನು ಮಾಡಲಿ ಎಂದು ಕೇಳುತ್ತಾನೆ. ಕ್ರೈಸ್ತರ ಸಭೆಯಲ್ಲಿ ಸೇವಕಿಯರಾಗಿದ್ದ ಇಬ್ಬರು ದಾಸಿಯರನ್ನು ಹಿಂಸಿಸಿ ವಿಚಾರಿಸಿದೆ ಎಂದು ಬರೆಯುತ್ತಾನೆ. ವಿಚಾರಣೆಯಲ್ಲಿ ತನಗೆ ತಿಳಿದುಬಂದದ್ದನ್ನೂ ಒಪ್ಪಿಸುತ್ತಾನೆ: ಇವರು ಗೊತ್ತಾದ ಒಂದು ದಿನ ನಸುಕಿಗೆ ಮೊದಲು ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಎಣಿಸಿ ಒಬ್ಬರಾದ ಮೇಲೊಬ್ಬರು ಹಾಡುತ್ತಾರೆ. ಇದನ್ನು ಬರೆದವನು ನಮ್ಮ ಪರ ವಕೀಲನಲ್ಲ, ನಮ್ಮವರನ್ನು ಕೊಲ್ಲಿಸಿದವನು. ಆ ಇಬ್ಬರು ಹೆಂಗಸರ ಹೆಸರು ಇತಿಹಾಸದಲ್ಲಿ ಉಳಿದಿಲ್ಲ. ಆದರೆ ಬೆಳಕು ಹರಿಯುವ ಮುಂಚೆ ಅವರು ಯಾರಿಗೆ ಹಾಡುತ್ತಿದ್ದರು ಎಂಬುದು ಉಳಿದಿದೆ. ಕಾನ್‌ಸ್ಟಂಟೈನನ ಮುತ್ತಾತನೂ ಆಗ ಹುಟ್ಟಿರಲಿಲ್ಲ.

ಇನ್ನೂ ಇದೆ. ರೋಮಿನ ಪಾಲಟೈನ್ ಗುಡ್ಡದಲ್ಲಿ ಗೋಡೆಯ ಮೇಲೆ ಯಾರೋ ಗೀಚಿದ ಚಿತ್ರವೊಂದು 1857ರಲ್ಲಿ ಸಿಕ್ಕಿತು. ಶಿಲುಬೆಯ ಮೇಲೆ ಕತ್ತೆಯ ತಲೆಯ ಮನುಷ್ಯ, ಕೆಳಗೆ ಕೈಯೆತ್ತಿ ನಿಂತ ಒಬ್ಬ ಹುಡುಗ. ಪಕ್ಕದಲ್ಲಿ ಗ್ರೀಕ್ ಬರಹ: ಅಲೆಕ್ಸಮೆನೋಸ್ ತನ್ನ ದೇವರನ್ನು ಪೂಜಿಸುತ್ತಾನೆ. ಸುಮಾರು 200ರ ಕಾಲದ್ದು ಎನ್ನುತ್ತಾರೆ. ನಿನ್ನ ಹಾಗೆಯೇ ಜೊತೆಯವರಿಂದ ಅಣಕಿಸಿಕೊಂಡ ಒಬ್ಬ ಹುಡುಗ ಅವನು. ಇಸ್ರೇಲಿನ ಮೆಗಿದ್ದೋದಲ್ಲಿ 2005ರಲ್ಲಿ ಜೈಲಿನ ಆವರಣ ಅಗೆಯುವಾಗ ಪ್ರಾರ್ಥನಾಲಯವೊಂದರ ಕಲ್ಲುಚೂರಿನ ನೆಲ ಹೊರಬಂತು. ಅಲ್ಲೊಂದು ಬರಹವಿದೆ. ಅಕೆಪ್ತೂಸ್ ಎಂಬ ಹೆಂಗಸು 'ದೇವರಾದ ಯೇಸು ಕ್ರಿಸ್ತನಿಗೆ' ಒಂದು ಮೇಜನ್ನು ಕಾಣಿಕೆ ಕೊಟ್ಟಳು ಎನ್ನುತ್ತದೆ ಅದು. ಅದನ್ನು ಅಗೆದವರ ಪ್ರಕಾರ ಮೂರನೆಯ ಶತಮಾನದ್ದು. ಇವೆಲ್ಲಕ್ಕಿಂತ ಹಳೆಯವು ಪೌಲನ ಪತ್ರಗಳು, ಯೇಸು ಸತ್ತು ಇಪ್ಪತ್ತು ಮೂವತ್ತು ವರ್ಷಗಳೊಳಗೆ ಬರೆದವು. ದೇವರ ಸ್ವರೂಪದಲ್ಲಿದ್ದವನು ಅದನ್ನು ಬಿಗಿಹಿಡಿಯದೆ, ತನ್ನನ್ನು ಬರಿದು ಮಾಡಿಕೊಂಡು ಆಳಿನ ರೂಪ ತಾಳಿದ ಎಂದು ಫಿಲಿಪ್ಪಿಯವರಿಗೆ ಬರೆಯುತ್ತಾನೆ. ದೇವರು ಒಬ್ಬನೇ ಎಂದು ದಿನಕ್ಕೆರಡು ಬಾರಿ ಹೇಳಿಕೊಂಡು ಬೆಳೆದ ಯೆಹೂದ್ಯ ಅವನು. ಅಂಥವನ ಬಾಯಲ್ಲಿ ಈ ಮಾತು ಸಲೀಸಾಗಿ ಬರುವಂಥದ್ದಲ್ಲ.

ಹಾಗಾದರೆ ನಿಕೇಯದಲ್ಲಿ ಜಗಳ ಯಾಕಾಯಿತು? ವಿಡಿಯೋ ಮಾಡಿದವರು ಇದನ್ನು ಪೂರ್ತಿ ತಲೆಕೆಳಗು ಮಾಡಿದ್ದಾರೆ. ಅಲೆಕ್ಸಾಂಡ್ರಿಯದ ಗುರು ಆರಿಯಸ್ ಕೂಡ ಯೇಸುವನ್ನು ಬರೀ ಬೋಧಕ ಎನ್ನಲಿಲ್ಲ. ಆತನೂ ಕ್ರಿಸ್ತನನ್ನು ಆರಾಧಿಸುತ್ತಿದ್ದ, ದೇವರೆಂದು ಕರೆಯುತ್ತಿದ್ದ. ಕಟ್ಟುನಿಟ್ಟಿನ ಬಾಳು, ಒಳ್ಳೆಯ ಮಾತುಗಾರ. ಹಡಗಿನವರಿಗೆ, ಬೀಸುವವರಿಗೆ, ದಾರಿಹೋಕರಿಗೆ ಹಾಡು ಕಟ್ಟಿಕೊಟ್ಟವನು. ಬಂದರಿನಲ್ಲಿ ಜನ ಅವನ ಸಿದ್ಧಾಂತವನ್ನು ಗುನುಗುತ್ತಿದ್ದರು. ಅವನ ವಾದ ಇಷ್ಟು: ತಂದೆ ಒಬ್ಬನೇ ಆದಿಯಿಲ್ಲದವನು. ಮಗನನ್ನು ಎಲ್ಲಕ್ಕಿಂತ ಮೊದಲು ಉಂಟುಮಾಡಿದ. ಮಗ ಎಲ್ಲ ಸೃಷ್ಟಿಗಿಂತ ಎತ್ತರದವನು ಹೌದು, ಆದರೆ ಅವನೂ ಸೃಷ್ಟಿಯೇ. ಅವನು ಇಲ್ಲದಿದ್ದ ಒಂದು ಹೊತ್ತಿತ್ತು.

ಇಲ್ಲಿ ನನ್ನ ಅಪ್ಪನ ವಿಷಯ ಹೇಳಬೇಕು. ಅಪ್ಪ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಗೆ ಹೋಗುತ್ತಿದ್ದರು. ಬಾಸೆಲ್ ಮಿಷನ್ನಿನವರು 1865ರಲ್ಲಿ ಶುರು ಮಾಡಿದ ಕಸುಬು ಅದು. ಕರಾವಳಿಯ ಎಷ್ಟೋ ಕ್ರೈಸ್ತ ಮನೆಗಳ ಅನ್ನ ಅದರಿಂದ ಬಂದಿದೆ. ಸಂಜೆ ಮನೆಗೆ ಬಂದಾಗ ಅಪ್ಪನ ಉಗುರಿನ ಸಂದಿನಲ್ಲಿ ಕೆಂಪು ಮಣ್ಣು ಇರುತ್ತಿತ್ತು. ತಮ್ಮ ಜೀವಮಾನದಲ್ಲಿ ಅವರು ಅಚ್ಚಿನಿಂದ ತೆಗೆದ ಹಂಚುಗಳಿಗೆ ಲೆಕ್ಕವಿಲ್ಲ. ಒಂದೊಂದೂ ಚೆನ್ನಾಗಿತ್ತು, ಐವತ್ತು ಮಳೆಗಾಲ ಕಂಡವು ಇನ್ನೂ ನಮ್ಮ ಬೀದಿಯ ಮಾಡುಗಳ ಮೇಲಿವೆ. ಆದರೆ ಯಾವ ಹಂಚೂ ಅಪ್ಪನ ಹಾಗೆ ಮನುಷ್ಯನಲ್ಲ. ನಾವು ಮೂವರು ಮಕ್ಕಳು ಅವರಿಂದ ಹುಟ್ಟಿದವರು, ಅದಕ್ಕೇ ಅವರು ಏನೋ ನಾವೂ ಅದೇ. ಮಾಡಿದ್ದು ಮಾಡಿದವನಂತಿರುವುದಿಲ್ಲ, ಹುಟ್ಟಿದ್ದು ಹೆತ್ತವರದೇ ಜಾತಿ. ನಿಕೇಯದ ವಿಶ್ವಾಸಪ್ರಮಾಣದಲ್ಲಿ ಮಗನು 'ಹುಟ್ಟಿದವನು, ಮಾಡಲ್ಪಟ್ಟವನಲ್ಲ' ಎಂಬ ಸಾಲು ಬರುವುದು ಇದಕ್ಕಾಗಿ. ಮೊದಲ ಬಾರಿ ದೇವಶಾಸ್ತ್ರದ ತರಗತಿಯಲ್ಲಿ ಆ ಸಾಲು ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಹಂಚಿನ ರಾಶಿ, ಅದರ ಪಕ್ಕ ಅಪ್ಪನ ಕೈ ಹಿಡಿದು ನಿಂತ ನಾನು. (ಉಪಮೆಯ ಮಿತಿಯೂ ಗೊತ್ತಿರಲಿ: ನಾನು ಅಪ್ಪನಿಗಿಂತ ಕಿರಿಯ. ದೇವರ ಮಗನು ತಂದೆಯಿಂದ ಬೆಳಕಿನಿಂದ ಬೆಳಕು ಬರುವಂತೆ ಬಂದವನು, ದೀಪ ಇದ್ದಷ್ಟು ಹೊತ್ತೂ ಬೆಳಕು ಇದ್ದೇ ಇದೆ.)

ತಂದೆಯೊಡನೆ ಮಗನದು ಒಂದೇ ತತ್ವ ಎನ್ನಲು ಅವರು ಆರಿಸಿದ ಗ್ರೀಕ್ ಪದ ಹೊಮೊಊಸಿಯೊಸ್. ಮೂವತ್ತು ವರ್ಷದ ಮೇಲೆ ಕೆಲವರು ಅದರ ನಡುವೆ ಇ ಎಂಬ ಒಂದಕ್ಷರ ಸೇರಿಸಿ ಹೊಮೊಇಊಸಿಯೊಸ್ ಎಂದರು: ಒಂದೇ ತತ್ವವಲ್ಲ, ಹೋಲುವ ತತ್ವ. ಒಂದಕ್ಷರಕ್ಕೆ ಇಷ್ಟು ಜಗಳವೇ ಎಂದು ನಗುವವರಿದ್ದಾರೆ. ಕನ್ನಡದಲ್ಲಿ ಹೇಳಿ ನೋಡು. 'ಇದು ಅದೇ' ಎಂಬುದಕ್ಕೂ 'ಇದು ಅಂಥದೇ' ಎಂಬುದಕ್ಕೂ ಎಷ್ಟು ದೂರ! ಕಳೆದುಹೋದ ಮಗು ಸಿಕ್ಕಿತು ಎಂದು ಓಡಿಬಂದ ತಾಯಿಗೆ 'ಅದೇ ಮಗು' ಎನ್ನಬೇಕು. 'ಅಂಥದೇ ಮಗು' ಎಂದರೆ ಎದೆ ಒಡೆಯುತ್ತದೆ.

ಮತದಾನದ ವಿಷಯ. ಬಂದಿದ್ದ ಬಿಷಪರು 250ರಿಂದ 318ರ ನಡುವೆ ಎಂದು ಹಳೆಯ ಬರಹಗಳು ಬೇರೆಬೇರೆ ಲೆಕ್ಕ ಕೊಡುತ್ತವೆ. ಕೊನೆಗೂ ಒಪ್ಪದೆ ಆರಿಯಸನ ಜೊತೆ ಗಡೀಪಾರಾದ ಬಿಷಪರು ಇಬ್ಬರು. ಬಂದವರು ಅರಮನೆಯ ಕೂಳಿಗೆ ಕಾದವರೂ ಅಲ್ಲ. 303ರಲ್ಲಿ ಶುರುವಾದ ದೊಡ್ಡ ಹಿಂಸೆ ಅವರ ಮೈಮೇಲಿತ್ತು. ಈಜಿಪ್ತಿನ ಪಾಫ್ನೂತಿಯಸನಿಗೆ ಒಂದು ಕಣ್ಣಿರಲಿಲ್ಲ. ನಿಯೊಕೈಸರೆಯದ ಪೌಲನ ಎರಡು ಕೈಗಳೂ ಕಾದ ಕಬ್ಬಿಣದಿಂದ ಸುಟ್ಟು ಸೆಟೆದಿದ್ದವು ಎಂದು ಸಭೆಯ ಇತಿಹಾಸ ಬರೆದ ಥಿಯೊಡೊರೆತ್ ಹೇಳಿದ್ದಾನೆ. ಹಿಂದಿನ ಚಕ್ರವರ್ತಿಯ ಆಜ್ಞೆಗೆ ಬಗ್ಗದೆ ಕಣ್ಣು ಕೊಟ್ಟವರು, ಹೊಸ ಚಕ್ರವರ್ತಿ ಹೇಳಿದನೆಂದು ಹೊಸ ದೇವರನ್ನು ಒಪ್ಪಿಕೊಂಡರು ಎಂದರೆ ನಾನು ನಂಬಲಾರೆ.

ಆ ಚಕ್ರವರ್ತಿಯೂ ನಿಂತ ನೆಲದಲ್ಲಿ ನಿಲ್ಲಲಿಲ್ಲ. ಗಡೀಪಾರಾದ ಆರಿಯಸನನ್ನು ಕೆಲವೇ ವರ್ಷಗಳಲ್ಲಿ ವಾಪಸ್ ಕರೆಸಿದ. ನಿಕೇಯದ ಪರ ಗಟ್ಟಿಯಾಗಿ ನಿಂತ ಅಥನೇಸಿಯಸನನ್ನು 335ರಲ್ಲಿ ದೂರದ ಟ್ರಿಯರ್‌ಗೆ ಓಡಿಸಿದ. 337ರಲ್ಲಿ ಸಾಯುವ ಹೊತ್ತಿಗೆ ದೀಕ್ಷಾಸ್ನಾನ ಪಡೆದದ್ದು ಆರಿಯಸನ ಗೆಳೆಯನಾದ ಬಿಷಪನ ಕೈಯಿಂದ. ಅವನ ಮಗ ಕಾನ್‌ಸ್ಟಂಟಿಯಸ್ ಬಹಿರಂಗವಾಗಿಯೇ ಆರಿಯಸನ ಕಡೆಯವರನ್ನು ಹಿಡಿದೆತ್ತಿದ. ಅಥನೇಸಿಯಸ್ ಅಲೆಕ್ಸಾಂಡ್ರಿಯದಲ್ಲಿ 45 ವರ್ಷ ಬಿಷಪನಾಗಿದ್ದ. ಅದರಲ್ಲಿ ಐದು ಸಲ ಗಡೀಪಾರು, ಒಟ್ಟು ಹದಿನೇಳು ವರ್ಷ ಊರಿನ ಹೊರಗೆ. ಅರಮನೆಯ ಬಲದಿಂದ ಗೆಲ್ಲುವುದಾಗಿದ್ದರೆ ಆರಿಯಸನ ಮಾತೇ ಗೆಲ್ಲಬೇಕಿತ್ತು. 381ರಲ್ಲಿ ಕಾನ್‌ಸ್ಟಾಂಟಿನೋಪಲಿನ ಸಭೆ ನಿಕೇಯದ ಮಾತನ್ನು ಮತ್ತೆ ಗಟ್ಟಿ ಮಾಡುವ ಹೊತ್ತಿಗೆ ಅರವತ್ತು ವರ್ಷ ಹತ್ತಿರವಾಗುತ್ತಿತ್ತು. ಆಗ ಆ ಊರಿನಲ್ಲಿ ಚಿಲ್ಲರೆ ಕೇಳಿದರೆ ಅಂಗಡಿಯವನು ಹುಟ್ಟಿದವನ ಮತ್ತು ಹುಟ್ಟದವನ ವಾದ ತೆಗೆಯುತ್ತಾನೆ, ರೊಟ್ಟಿಗೆ ಎಷ್ಟು ಎಂದರೆ ತಂದೆ ದೊಡ್ಡವನು ಮಗ ಚಿಕ್ಕವನು ಎನ್ನುತ್ತಾನೆ ಎಂದು ನಿಸ್ಸದ ಬಿಷಪ ಗ್ರೆಗರಿ ಬೇಸರಪಟ್ಟುಕೊಂಡಿದ್ದಾನೆ. ನನಗೆ ಬೇಸರವಾಗುವುದಿಲ್ಲ. ರೊಟ್ಟಿ ಮಾರುವವನಿಗೂ ಇದು ತನ್ನ ಜೀವದ ಪ್ರಶ್ನೆಯಾಗಿತ್ತಲ್ಲ!

ಕೆಲವು ವರ್ಷಗಳ ಹಿಂದೆ ನಾನು ಇಜ್ನಿಕ್‌ಗೆ ಹೋಗಿದ್ದೆ. ದೊಡ್ಡ ಸರೋವರ, ಆಲಿವ್ ತೋಟಗಳು, ಹಳೆಯ ಕೋಟೆಗೋಡೆ. ದಡದ ಹತ್ತಿರವೇ ನೀರಿನಡಿ ಹಳೆಯ ದೇವಾಲಯವೊಂದರ ಅಡಿಪಾಯವಿದೆ. 2014ರಲ್ಲಿ ಮೇಲಿನಿಂದ ತೆಗೆದ ಚಿತ್ರಗಳಿಂದ ಜಗತ್ತಿಗೆ ಗೊತ್ತಾಯಿತು. ಪೋಪ್ ಪ್ರಾರ್ಥಿಸಿದ್ದು ಅದರ ಪಕ್ಕದಲ್ಲೇ. ಅಂದ ಹಾಗೆ ಆ ಊರು ಇಂದು ಹೆಸರಾಗಿರುವುದು ಬಣ್ಣದ ಬಿಲ್ಲೆಗಳಿಗೆ. ಇಸ್ತಾನ್‌ಬುಲ್ಲಿನ ನೀಲಿ ಮಸೀದಿಯ ಒಳಗೋಡೆಗೆ ಹೊದಿಸಿದ ನೀಲಿ ಬಿಲ್ಲೆಗಳು ಅಲ್ಲಿಯ ಕುಲುಮೆಯವು. ಬೀದಿಯ ಕುಶಲಕರ್ಮಿಯ ಉಗುರಿನಲ್ಲಿ ಮಣ್ಣು ಕಂಡು ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ನಾನು ನಿವೃತ್ತ ಶಿಕ್ಷಕ, ಕ್ರೈಸ್ತನಲ್ಲ. ನಿಮ್ಮ ಸತ್ಯವೇದದಲ್ಲೇ ಯೇಸು 'ನರಾವತಾರ ಎತ್ತಿ' ಬಂದ ಎಂದಿದೆ. ಹಾಗಿದ್ದರೆ ಆತ ನಮ್ಮ ಅವತಾರಗಳಲ್ಲಿ ಒಬ್ಬನೆಂದು ಒಪ್ಪಲು ನಿಮಗೇಕೆ ಸಂಕೋಚ?
— ಶಿರಸಿಯ ಓದುಗರು

ಗುರುಗಳೇ, ನೀವು ಓದಿದ್ದು ಸರಿಯಾಗಿದೆ. ಯೋಹಾನನ ಸುವಾರ್ತೆಯ ಒಂದನೆಯ ಅಧ್ಯಾಯದ 14ನೆಯ ವಚನಕ್ಕೆ ನಮ್ಮ ಹಿರಿಯರು ಅದೇ ಪದ ಬಳಸಿದರು. ಗ್ರೀಕಿನಲ್ಲಿರುವುದು ಇನ್ನೂ ಒರಟು: ವಾಕ್ಯವು (ಯೋಹಾನ ಇಲ್ಲಿ ಯೇಸುವನ್ನು ಕರೆಯುವ ಹೆಸರು) ಮಾಂಸವಾಯಿತು. ಕನ್ನಡಕ್ಕೆ ತರುವವರು ಈ ನೆಲದ ಕಿವಿಗೆ ಹತ್ತಿರವಾದ ಪದ ಹುಡುಕಿ ನರಾವತಾರ ಎಂದರು. ನೀವು ಭಾಷೆಯ ಮೇಷ್ಟ್ರಾಗಿದ್ದರೆ ಆ ಅಧ್ಯಾಯದ ವ್ಯಾಕರಣವನ್ನೂ ಗಮನಿಸಿರಬಹುದು. ಆರಂಭದಲ್ಲಿ ವಾಕ್ಯವು 'ಇತ್ತು', ನಪುಂಸಕ. ಮನುಷ್ಯನಾಗುವ ಸಾಲಿಗೆ ಬರುವಾಗ ಅದು 'ವಾಕ್ಯವೆಂಬಾತನು' ಆಗುತ್ತದೆ. ಗ್ರೀಕಿನಲ್ಲಿ ಈ ತಿರುವು ಇಲ್ಲ, ಯಾಕೆಂದರೆ ಅಲ್ಲಿ ಆ ಪದ ಮೊದಲಿನಿಂದಲೂ ಪುಲ್ಲಿಂಗ. ಕನ್ನಡಕ್ಕೆ ಮಾತ್ರ ಸಿಕ್ಕ ಸೊಗಸು ಇದು. ಓದುವಾಗೆಲ್ಲ ನನ್ನ ದನಿ ಅಲ್ಲಿ ತಾನಾಗಿ ತಗ್ಗುತ್ತದೆ.

ಪದ ಒಂದೇ ಆದರೂ ಒಳಗಿನ ನಂಬಿಕೆ ಬೇರೆ. ಉಡುಪಿಯಲ್ಲಿ ಸಭಾಪಾಲಕನಾಗಿದ್ದಾಗ ನೆರೆಯಲ್ಲಿದ್ದ ಮಾಧ್ವ ವಿದ್ವಾಂಸರೊಬ್ಬರ ಜಗಲಿಯಲ್ಲಿ ನಾವು ಎಷ್ಟೋ ಸಂಜೆ ಈ ಮಾತಾಡಿದ್ದೇವೆ. ಅವರು ಸ್ಪಷ್ಟವಾಗಿ ಹೇಳಿದ್ದರು: ಶ್ರೀಹರಿಯ ಅವತಾರದ ದೇಹ ಪ್ರಾಕೃತವಲ್ಲ, ಜ್ಞಾನಾನಂದಮಯ, ರಾಮ ಸೀತೆಗಾಗಿ ಅತ್ತದ್ದು ಲೋಕಕ್ಕೆ ತೋರಿದ ಲೀಲೆ, ಅವನಿಗೆ ದುಃಖದ ಲೇಪವಿಲ್ಲ. ಆ ಮಾತಿನ ಹಿಂದಿರುವ ಭಕ್ತಿ ನನಗೆ ಅರ್ಥವಾಯಿತು. ದೇವರಿಗೆ ನೋವು ತಟ್ಟಬಾರದು ಎಂಬ ಪ್ರೀತಿ ಅದು. ಕ್ರೈಸ್ತರಲ್ಲೂ ಮೊದಲ ಶತಮಾನಗಳಲ್ಲಿ ಕೆಲವರು ಯೇಸುವಿನ ಬಗ್ಗೆ ಹೀಗೇ ಹೇಳಿದರು: ದೇಹ ತೋರಿಕೆಯದು, ಶಿಲುಬೆಯ ಮೇಲಿನ ಯಾತನೆ ತೋರಿಕೆಯದು ಎಂದು. ಸಭೆ ಒಪ್ಪಲಿಲ್ಲ. ಎರಡನೆಯ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಇಗ್ನೇಷಿಯಸನನ್ನು ಮೃಗಗಳಿಗೆ ಹಾಕಲು ರೋಮಿಗೆ ಎಳೆದೊಯ್ಯುತ್ತಿದ್ದರು. ದಾರಿಯಲ್ಲಿ ಅವನು ಸಭೆಗಳಿಗೆ ಪತ್ರ ಬರೆದ. ಯೇಸುವನ್ನು ನಮ್ಮ ದೇವರು ಎಂದೇ ಕರೆಯುತ್ತಾನೆ, ಆ ಪತ್ರಗಳಲ್ಲೇ ಆತ ನಿಜವಾಗಿ ಹುಟ್ಟಿದ, ನಿಜವಾಗಿ ಉಂಡ, ಕುಡಿದ, ನಿಜವಾಗಿ ಸತ್ತ ಎಂದು 'ನಿಜವಾಗಿ' ಎಂಬುದನ್ನು ಮತ್ತೆ ಮತ್ತೆ ಹೇಳುತ್ತಾನೆ. ತೋರಿಕೆಯಾದರೆ ನಾನೇಕೆ ಸರಪಳಿಯಲ್ಲಿದ್ದೇನೆ ಎಂದು ಕೇಳುತ್ತಾನೆ.

ಹೀಗಾಗಿ ನಮ್ಮ ನಂಬಿಕೆಯ ಯೇಸುವಿನ ದೇಹ ಪೂರ್ತಿ ಪ್ರಾಕೃತ. ಸಮಾರ್ಯದ ಬಾವಿಕಟ್ಟೆಯಲ್ಲಿ ದಣಿದು ಕೂತು ಪರಸ್ಥಳದ ಹೆಂಗಸಿನ ಹತ್ತಿರ ನೀರು ಕೇಳುತ್ತಾನೆ. ಗೆಳೆಯ ಲಾಜರನ ಗೋರಿಯ ಮುಂದೆ ಅಳುತ್ತಾನೆ, ಲೋಕಕ್ಕೆ ತೋರಿಸಲು ಅಲ್ಲ, ಅಳು ಬಂತೆಂದು. 451ರಲ್ಲಿ ಕಾಲ್ಸಿಡೋನಿನ ಸಭೆ ಈ ಎರಡನ್ನೂ ಒಂದೇ ಉಸಿರಿನಲ್ಲಿ ಹಿಡಿಯಿತು: ಒಬ್ಬನೇ ಕ್ರಿಸ್ತ, ದೈವಸ್ವಭಾವ ಪೂರ್ಣ, ಮನುಷ್ಯಸ್ವಭಾವ ಪೂರ್ಣ, ಎರಡೂ ಬೆರೆಯದೆ, ಬದಲಾಗದೆ, ಬೇರೆಯಾಗದೆ, ಅಗಲದೆ ಇವೆ. ಈ ನಾಲ್ಕೂ ಪದ ಇಲ್ಲ ಇಲ್ಲ ಎನ್ನುವ ಪದಗಳೇ. ಹೇಗೆ ಎಂದು ವಿವರಿಸುವ ಧೈರ್ಯ ಅವರು ಮಾಡಲಿಲ್ಲ, ಬೇಲಿ ಹಾಕಿ ಒಳಗಿನ ಗುಟ್ಟನ್ನು ಹಾಗೇ ಬಿಟ್ಟರು. ಈಜಿಪ್ತಿನ, ಸಿರಿಯದ, ಅರ್ಮೇನಿಯದ ಪುರಾತನ ಸಭೆಗಳು ಕಾಲ್ಸಿಡೋನಿನ ಪದಗಳನ್ನು ಒಪ್ಪದೆ ಬೇರೆಯಾದವು. ಆದರೆ ಕ್ರಿಸ್ತ ದೇವರೂ ಹೌದು ಮನುಷ್ಯನೂ ಹೌದು ಎಂಬಲ್ಲಿ ಅವರಿಗೂ ನಮಗೂ ಜಗಳವಿಲ್ಲ.

ಇನ್ನೊಂದು ವ್ಯತ್ಯಾಸ. ಗೀತೆಯ ಅವತಾರ ಯುಗಯುಗಕ್ಕೂ ಬರುತ್ತದೆ, ಕೆಲಸ ಮುಗಿದ ಮೇಲೆ ಹಿಂತಿರುಗುತ್ತದೆ. ನಾವು ನಂಬುವುದು ಒಂದೇ ಬಾರಿ, ಮತ್ತು ಹಿಂತೆಗೆಯದ ಹಾಗೆ. ಎದ್ದುಬಂದ ಯೇಸುವಿನ ಕೈಯಲ್ಲಿ ಮೊಳೆಯ ಗಾಯ ಉಳಿದಿತ್ತು. ತೋಮನು ಅದನ್ನು ನೋಡಿಯೇ 'ನನ್ನ ಸ್ವಾಮಿ, ನನ್ನ ದೇವರು' ಎಂದದ್ದು. ಮದ್ರಾಸಿನ ಕ್ರೈಸ್ತ ಚಿಂತಕ ವೆಂಗಲ್ ಚಕ್ಕರೈ ಯೇಸುವನ್ನು ಅವತಾರವೆಂದೇ ಕರೆದರು, ಆದರೆ ಈ ಅವತಾರಕ್ಕೆ ಮುಕ್ತಾಯವಿಲ್ಲ ಎಂದು ಒತ್ತಿ ಹೇಳಿದರು. ನನ್ನ ಮನಸ್ಸು ಅವರ ಕಡೆ. ಪದವನ್ನು ಬಿಡಬೇಕಾಗಿಲ್ಲ, ಅದರೊಳಗೆ ನಾವು ಏನು ತುಂಬುತ್ತೇವೆ ಎಂದು ಹೇಳಿದರಾಯಿತು. ನಿಮ್ಮ ಪ್ರಶ್ನೆಯಲ್ಲಿ ಪ್ರೀತಿಯಿತ್ತು, ಅದಕ್ಕೇ ಇಷ್ಟು ಬರೆದೆ.

ಮನೆ ಬಾಗಿಲಿಗೆ ಬಂದ ಇಬ್ಬರು, ಯೋಹಾನ 1:1ರ ಮೂಲ ಗ್ರೀಕಿನಲ್ಲಿ ವಾಕ್ಯವು 'ಒಬ್ಬ ದೇವರಾಗಿತ್ತು' ಎಂದಿದೆ, ನಿಮ್ಮ ಕನ್ನಡ ತಪ್ಪು ಎಂದರು. ಹೌದೇ?
— ಓದುಗರು, ಶಿವಮೊಗ್ಗ

ಇಲ್ಲ. ಗ್ರೀಕಿನಲ್ಲಿ 'ಒಬ್ಬ' ಎಂಬ ಅರ್ಥ ಕೊಡುವ ಉಪಪದವೇ ಇಲ್ಲ. 'ಆ ಗೊತ್ತಾದ' ಎಂದು ಬೆರಳು ತೋರಿಸುವ 'ಹೊ' ಮಾತ್ರ ಇದೆ, ಈ ಸಾಲಿನಲ್ಲಿ ದೇವರು ಎಂಬ ಪದದ ಮುಂದೆ ಅದು ಬಂದಿಲ್ಲ. ಅಷ್ಟಕ್ಕೇ 'ಒಬ್ಬ ದೇವರು' ಎನ್ನುವುದಾದರೆ ಅದೇ ಅಧ್ಯಾಯದ 6, 12, 13, 18ನೆಯ ವಚನಗಳಲ್ಲೂ ಹಾಗೇ ಮಾಡಬೇಕಾಗುತ್ತದೆ. ಅಲ್ಲಿಯೂ 'ಹೊ' ಇಲ್ಲ, ಮಾತು ಮಾತ್ರ ತಂದೆಯಾದ ದೇವರದೇ. ಸಂದೇಹವಿದ್ದರೆ ಬಂದವರ ಪುಸ್ತಕದಲ್ಲೇ ತೆಗೆಸಿ ನೋಡಿ.

ಕನ್ನಡದವರಿಗೆ ಇದು ಬೇಗ ತಿಳಿಯುತ್ತದೆ, ನಮ್ಮಲ್ಲೂ ಉಪಪದವಿಲ್ಲವಲ್ಲ. 'ಈ ಬಳೆ ಚಿನ್ನ' ಎನ್ನುತ್ತೇವೆ. ಲೋಕದ ಚಿನ್ನವೆಲ್ಲ ಈ ಬಳೆಯೇ ಎಂದಲ್ಲ, 'ಒಂದು ಚಿನ್ನ' ಎಂದಂತೂ ಅಲ್ಲವೇ ಅಲ್ಲ. ಬಳೆ ಯಾವುದರದು ಎಂದು ಹೇಳಿದೆವು. ಯೋಹಾನನೂ ಅಷ್ಟನ್ನೇ ಹೇಳಿದ: ವಾಕ್ಯವು ದೇವರ ಬಳಿ ಇತ್ತು, ಆದ್ದರಿಂದ ತಂದೆಯೇ ಮಗನಲ್ಲ, ವಾಕ್ಯವು ದೇವರಾಗಿತ್ತು, ಆದ್ದರಿಂದ ತಂದೆ ಏನೋ ಮಗನೂ ಅದೇ. ಬೆರಳು ತೋರಿಸುವ ಪದ ಬೇಕೇ ಬೇಕೆಂದರೆ ಅದೇ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ತೋಮನ ಮಾತಿನಲ್ಲಿ ಅದೂ ಇದೆ. ಬಂದವರನ್ನು ಕೂರಿಸಿ ಕಾಫಿ ಕೊಟ್ಟಿದ್ದೀರಿ ಎಂದು ಬರೆದಿದ್ದೀರಿ. ಒಳ್ಳೆಯದು ಮಾಡಿದಿರಿ.

ಬೈಬಲಿನ ಪುಸ್ತಕಗಳನ್ನೂ ಡಿಸೆಂಬರ್ 25ನ್ನೂ ನಿಕೇಯದಲ್ಲೇ ಗೊತ್ತುಮಾಡಿದರಂತೆ?
— ಓದುಗರು, ಬೀದರ್

ಎರಡೂ ಇಲ್ಲ. ಅಲ್ಲಿ ಚರ್ಚೆಯಾದ ಹಬ್ಬ ಈಸ್ಟರ್. ಸಭೆ ಮಾಡಿದ 20 ನಿಯಮಗಳಲ್ಲಿ ಬೈಬಲಿನ ಪಟ್ಟಿಯ ಮಾತೇ ಇಲ್ಲ. ಭಾನುವಾರ ಮೊಣಕಾಲೂರದೆ ನಿಂತು ಪ್ರಾರ್ಥಿಸಬೇಕು ಎನ್ನುವಂಥವು ಇವೆ. ಹೊಸ ಒಡಂಬಡಿಕೆಯ 27 ಪುಸ್ತಕಗಳು ಇಂದಿನ ಹಾಗೆ ಪಟ್ಟಿಯಾಗಿ ಸಿಗುವುದು ಅಥನೇಸಿಯಸನ 367ರ ಈಸ್ಟರ್ ಪತ್ರದಲ್ಲಿ. ಡಿಸೆಂಬರ್ 25 ರೋಮಿನ 354ರ ಪಂಚಾಂಗವೊಂದರಲ್ಲಿದೆ.

ಯೇಸು ದೇವರಾದರೆ ಗೆತ್ಸೇಮನೆ ತೋಟದಲ್ಲಿ ಪ್ರಾರ್ಥನೆ ಮಾಡಿದ್ದು ಯಾರಿಗೆ? ತನಗೆ ತಾನೇ? 'ತಂದೆ ನನಗಿಂತ ದೊಡ್ಡವನು' ಎಂದು ಆತನೇ ಹೇಳಿದ್ದಾನಲ್ಲ? ಪೂಜೆಯಲ್ಲಿ ಕೂತಾಗಲೂ ಇದೇ ಕಾಡುತ್ತದೆ, ಪಾಪವೇ?
— ಗೃಹಿಣಿ, ಕೊಳ್ಳೇಗಾಲ

ಅಮ್ಮಾ, ಪಾಪವಲ್ಲ. ಆರಿಯಸ್ ಎತ್ತಿ ತೋರಿಸುತ್ತಿದ್ದ ವಚನಗಳಲ್ಲಿ ನೀವು ಹೇಳಿದ್ದೂ ಒಂದು. ದೊಡ್ಡ ದೊಡ್ಡವರ ನಿದ್ದೆ ಕೆಡಿಸಿದ ವಚನ.

ತನಗೆ ತಾನೇ ಪ್ರಾರ್ಥಿಸಲಿಲ್ಲ. ಮಗನು ತಂದೆಯನ್ನು ಕರೆದ. ತತ್ವ ಒಂದಾದರೂ ತಂದೆ ತಂದೆಯೇ, ಮಗ ಮಗನೇ. ನನ್ನ ಅಪ್ಪ ನನಗಿಂತ ದೊಡ್ಡವರು ಎಂದು ನಾನು ಈಗಲೂ ಹೇಳುತ್ತೇನೆ, ಹಾಗೆಂದು ನಾನು ಅವರಿಗಿಂತ ಕಡಿಮೆ ಮನುಷ್ಯನಾಗಲಿಲ್ಲ. ಇದರ ಮೇಲೆ ಯೇಸು ನಿಜವಾಗಿ ಮನುಷ್ಯನಾದ ಮೇಲೆ ಮನುಷ್ಯನ ಹಾಗೇ ಹೆದರಿದ, ಮನುಷ್ಯನ ಹಾಗೇ ಮೊಣಕಾಲೂರಿದ. ಈ ಪಾತ್ರೆ ನನ್ನಿಂದ ತೊಲಗಲಿ ಎಂದ, ಆದರೂ ನಿನ್ನ ಇಷ್ಟದಂತೆ ಆಗಲಿ ಎಂದ. ಈ ಒಂದು ಸಾಲಿಗಾಗಿ ಏಳನೆಯ ಶತಮಾನದಲ್ಲಿ ಮ್ಯಾಕ್ಸಿಮಸ್ ಎಂಬ ಮುದಿ ಸನ್ಯಾಸಿ ತನ್ನ ನಾಲಿಗೆಯನ್ನೂ ಬಲಗೈಯನ್ನೂ ಕೊಟ್ಟ. ಕ್ರಿಸ್ತನಿಗೆ ದೈವೀ ಇಚ್ಛೆ ಮಾತ್ರ ಇತ್ತು, ಮನುಷ್ಯನ ಇಚ್ಛೆ ಬೇರೆ ಇರಲಿಲ್ಲ ಎಂದು ಅರಮನೆ ಹೇಳುತ್ತಿತ್ತು. ಮ್ಯಾಕ್ಸಿಮಸ್ ಗೆತ್ಸೇಮನೆಯನ್ನು ತೋರಿಸಿದ: ಸಾವಿಗೆ ಹಿಂಜರಿದ ಆ ಮನಸ್ಸು ನಮ್ಮದೇ, ಅದನ್ನು ತೆಗೆದುಹಾಕಿದರೆ ನಮ್ಮನ್ನೇ ತೆಗೆದುಹಾಕಿದಂತೆ. ಮಾತಾಡಬಾರದೆಂದು ನಾಲಿಗೆ ಕಿತ್ತರು, ಬರೆಯಬಾರದೆಂದು ಕೈ ಕಡಿದರು. 662ರಲ್ಲಿ ಗಡೀಪಾರಿನಲ್ಲೇ ಸತ್ತ. 681ರಲ್ಲಿ ಸಭೆ ಸೇರಿ ಅವನು ಹೇಳಿದ್ದನ್ನೇ ಒಪ್ಪಿಕೊಂಡಿತು. ಯೇಸು ಯಾವುದನ್ನು ತನ್ನದಾಗಿ ಮಾಡಿಕೊಳ್ಳಲಿಲ್ಲವೋ ಅದು ವಾಸಿಯಾಗಲಿಲ್ಲ ಎಂದು ನಾಝಿಯಾನ್ಸದ ಗ್ರೆಗರಿ ಅವನಿಗಿಂತ ಮುಂಚೆಯೇ ಬರೆದಿದ್ದ. ಹೆದರಿಕೆಯನ್ನೂ ಆತ ತನ್ನದಾಗಿ ಮಾಡಿಕೊಂಡ.

ಇಷ್ಟು ನಾನು ಪುಸ್ತಕದಿಂದ ಕಲಿತದ್ದು. ಬೆಟಗೇರಿಯಲ್ಲಿ ಕಲಿತದ್ದು ಬೇರೆ. ಆಗ ನನಗೆ 29 ವರ್ಷ. ನೇಕಾರರ ಓಣಿಯ ಒಬ್ಬ ತಾಯಿ, ನಮ್ಮ ಸಭೆಯವರಲ್ಲ, ಹನ್ನೊಂದು ವರ್ಷದ ಮಗ ಬಾವಿಗೆ ಬಿದ್ದು ಹೋಗಿದ್ದ. ಪಕ್ಕದ ಮನೆಯ ನಮ್ಮವರು ಕರೆದರೆಂದು ಹೋದೆ. ಪಡಸಾಲೆಯಲ್ಲಿ ಮಗ್ಗ ನಿಂತಿತ್ತು, ಅರ್ಧ ನೇಯ್ದ ಸೀರೆ ಹಾಗೇ ಇತ್ತು. ನಾನು ದೇವರ ಚಿತ್ತ ಎಂದೇನೋ ಶುರುಮಾಡಿದೆ. ಆಕೆ ತಲೆಯೆತ್ತಿ, "ಅಯ್ಯಾರ, ಮಗನ್ನ ಕಳಕೊಳ್ಳೂದಂದ್ರ ಏನಂತ ನಿಮ್ಮ ದೇವರಿಗೆ ಗೊತ್ತದ ಏನ್ರಿ?" ಎಂದರು. ನನ್ನ ಗಂಟಲು ಕಟ್ಟಿತು. ಗೊತ್ತಿದೆ ಎಂದೆ. ಆತನ ಮಗನನ್ನು ಊರ ಹೊರಗೆ ಮೊಳೆ ಹೊಡೆದು ಕೊಂದರು, ಹಿಂದಿನ ರಾತ್ರಿ ಆ ಮಗ ಬೇಡ ಅಪ್ಪಾ ಎಂದು ಅತ್ತಿದ್ದ ಎಂದೆ. ಆಕೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಚಾಪೆಯ ಮೇಲೆ ಕೈಯಾಡಿಸಿ ಜಾಗ ತೋರಿಸಿ, "ಹಂಗಾದ್ರ ಬಂದು ಇಲ್ಲಿ ಕುಂದ್ರು ಅನ್ರಿ ಅವಗ" ಎಂದರು.

ಆ ಚಾಪೆಯ ಮೇಲೆ ಯಾರನ್ನು ಕೂರಿಸುವುದು ಅಮ್ಮಾ? ಆರಿಯಸ್ ಹೇಳಿದ್ದು ಸರಿಯಾದರೆ ದೇವರು ದೂರದಲ್ಲೇ ಉಳಿದ, ತಾನು ಮಾಡಿದ ಒಳ್ಳೆಯದೊಂದನ್ನು ಸಾಯಲು ಕಳಿಸಿದ. ತೋರಿಕೆಯ ದೇಹ ಎಂದವರ ಮಾತು ಸರಿಯಾದರೆ ಬಂದು ಕೂತವನಿಗೆ ನೋವು ಗೊತ್ತಿಲ್ಲ. ನಿಕೇಯ, ಕಾಲ್ಸಿಡೋನ್, ಮ್ಯಾಕ್ಸಿಮಸನ ಕೈ, ಇವೆಲ್ಲ ನನಗೆ ಅರ್ಥವಾದದ್ದು ಆ ಪಡಸಾಲೆಯಲ್ಲಿ. ನಾನೂ ಆಕೆ ತೋರಿಸಿದ ಜಾಗ ಬಿಟ್ಟು ಆಚೆ ನೆಲದ ಮೇಲೆ ಕೂತೆ. ಸಂಜೆವರೆಗೆ ಯಾರೂ ಮಾತಾಡಲಿಲ್ಲ.

ನಾನು ಕ್ರೈಸ್ತಳಲ್ಲ. ಯೇಸು ಯಾರೆಂದು ನಾನೇ ಓದಿ ನೋಡಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?
— ಉದ್ಯೋಗಸ್ಥೆ, ಬೆಂಗಳೂರು

ಮಾರ್ಕನ ಸುವಾರ್ತೆಯಿಂದ. ನಾಲ್ಕರಲ್ಲಿ ಎಲ್ಲಕ್ಕಿಂತ ಚಿಕ್ಕದು. ಗಟ್ಟಿಯಾಗಿ ಓದಿದರೂ ಒಂದು ರಜೆಯ ಬೆಳಿಗ್ಗೆ ಮುಗಿಯುತ್ತದೆ. ವ್ಯಾಖ್ಯಾನ ಜೊತೆಗಿಟ್ಟುಕೊಳ್ಳಬೇಡಿ, ನನ್ನ ಅಂಕಣವನ್ನೂ ಬೇಡ. ಅದರಲ್ಲಿ ಯೇಸು 'ನಾನು ದೇವರು' ಎಂದು ಎಲ್ಲೂ ಸಾರುವುದಿಲ್ಲ. ಜನ ಕೇಳುವ ಪ್ರಶ್ನೆಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತ ಹೋಗಿ. ಎರಡನೆಯ ಅಧ್ಯಾಯದಲ್ಲಿ ನಾಲ್ವರು ಮಾಡು ಬಿಚ್ಚಿ ಲಕ್ವ ಹೊಡೆದವನನ್ನು ಹಾಸಿಗೆ ಸಮೇತ ಇಳಿಸುತ್ತಾರೆ. ಯೇಸು ಅವನಿಗೆ ಮೊದಲು ಹೇಳುವುದು ನಿನ್ನ ಪಾಪ ಕ್ಷಮಿಸಿದೆ ಎಂದು. ಕೂತಿದ್ದ ಪಂಡಿತರು, ದೇವರೊಬ್ಬನ ಹೊರತು ಪಾಪ ಕ್ಷಮಿಸುವವರು ಯಾರು ಎಂದುಕೊಳ್ಳುತ್ತಾರೆ. ನಾಲ್ಕನೆಯದರಲ್ಲಿ ದೋಣಿಯೊಳಗೆ ಮಲಗಿ ನಿದ್ದೆ ಹೋಗಿರುತ್ತಾನೆ, ಅಷ್ಟು ದಣಿವು. ಎಬ್ಬಿಸಿದರೆ ಎದ್ದು ಗಾಳಿಯನ್ನು ಗದರಿಸುತ್ತಾನೆ. ದೋಣಿಯಲ್ಲಿದ್ದವರು ಇವನು ಯಾರಿರಬಹುದು ಎಂದು ನಡುಗುತ್ತಾರೆ. 15ನೆಯ ಅಧ್ಯಾಯದ 39ನೆಯ ವಚನದಲ್ಲಿ ಶಿಲುಬೆಯ ಎದುರು ನಿಂತ ರೋಮನ್ ಶತಾಧಿಪತಿ, ಕೊಲ್ಲಿಸಿದವನೇ, ಒಂದು ಮಾತು ಹೇಳುತ್ತಾನೆ. ಅಲ್ಲಿಗೆ ಬಂದ ಮೇಲೆ ಒಂದೆರಡು ದಿನ ಬಿಡಿ, ಆಮೇಲೆ ನನಗೆ ಬರೆಯಿರಿ.